ಕ್ರ್ಯಾಂಕಿನ ದನಿ

“ಇಂಜಿನ್ ಬೋರು ಸವೆದಿದೆ, ಹೊಸ ಸ್ಲೀವ್ ಹಾಕಿದ್ರೆ ಆಯ್ತು. ನನಗೆ ಅನುಮಾನ ಇರೋದು ಇದರ ಮೇಲೆ,” ಎನ್ನುತ್ತ ಶೆಡ್ಡಿನ ಲೇತಿನವರು ಇಂಜಿನ್ನಿನಿಂದ ಬಿಚ್ಚಿದ ಕ್ರ್ಯಾಂಕ್ ದಂಡವನ್ನು ಸರಪಣಿಗೆ ಬಿಗಿದು ಮೇಲಕ್ಕೆಳೆದರು. ಡೀಸೆಲ್ಲಿನಲ್ಲಿ ತೊಳೆದ ಉಕ್ಕು ನೆಲ ಬಿಟ್ಟು ಎದ್ದು, ನಿಧಾನವಾಗಿ ತಿರುಗಿ ನಿಂತಿತು.

“ಅನುಮಾನ ಏನ್ ಬಂತು? ಗ್ರೈಂಡ್ ಮಾಡಿ, ದಪ್ಪ ಬೇರಿಂಗ್ ಹಾಕಿ. ನಮ್ಮಿಬ್ಬರಿಗಿಂತ ಗಟ್ಟಿಯಾಗಿದೆ,” ಎಂದ ಗಿರಣಿಯವನು. ಹಿಟ್ಟಿನ ಗಿರಣಿಯ ಆ ಇಂಜಿನ್ನನ್ನು ಮದುವೆಯಾದ ವರ್ಷ ಗುಜರಿಯಿಂದ ತಂದು ಕೈಯಾರೆ ಜೋಡಿಸಿದ್ದ. ಅದರ ಒಂದು ನಟ್ಟು ಎಸೆಯುವ ಮಾತು ಬಂದರೂ ಮುಖ ಸಿಂಡರಿಸುತ್ತಿದ್ದ.

“ಬಿರುಕಿದ್ರೆ ಗ್ರೈಂಡ್ ಮಾಡಿ ಪ್ರಯೋಜನ ಇಲ್ಲ. ಓಡ್ತಾ ಮುರಿದ್ರೆ ಇಂಜಿನ್ ಬ್ಲಾಕನ್ನೇ ಸೀಳ್ಕೊಂಡು ಬರುತ್ತೆ. ಪಕ್ಕದಲ್ಲಿ ಕೂರೋರು ನೀವು.” ಲೇತಿನವರು ಚಿಕ್ಕ ಸುತ್ತಿಗೆಯೊಂದನ್ನು ಚಾಚಿದರು. “ಹೊಡೆದು ನೋಡಿ. ಸರಿಯಿದ್ರೆ ಗಂಟೆ ಥರ ಅನ್ನುತ್ತೆ, ಇಲ್ದಿದ್ರೆ ಒಡಕು ಮಡಕೆ ಥರ. ನಿಮ್ಮ ಕಿವಿಗೆ ಹೇಳಿಕೊಡಬೇಕಾ?”

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಥಟ್ಟನೆ ಗಿರಣಿಯವನ ಕಡೆ ತಿರುಗಿದಳು. ಅವನ ಕಿವಿ ಮಂದವಾಗಿ ಬಹಳ ಕಾಲವಾಗಿತ್ತು. ಗಿರಣಿಯ ಗದ್ದಲದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಮಾತಾಡುವ ಮೊದಲು ಎದುರಿಗೆ ಬಂದು ನಿಲ್ಲುವುದನ್ನು ಮಾತ್ರ ರೂಢಿ ಮಾಡಿಕೊಂಡಿದ್ದಳು. ಇಂಜಿನ್ನು ಕಟಕಟ ಎನ್ನತೊಡಗಿದಾಗಲೂ, “ಯಾಕೋ ನೆಲ ಅದುರ್ತಿದೆ, ನೋಡ್ರೀ,” ಎಂದಿದ್ದಳಷ್ಟೆ.

ಗಿರಣಿಯವನು ಹೊಡೆದ. ಡಬ್ಬೆಂದ ಸದ್ದು ಅಲ್ಲೇ ಸತ್ತಿತು. ಅವನು ಕ್ರ್ಯಾಂಕಿನ ಕಡೆ ನೋಡುತ್ತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

ತಾನು ಹೂಂ ಎಂದು ತಲೆಯಾಡಿಸಿಬಿಟ್ಟರೆ ಸಾಕು, ಮಾನ ಉಳಿಸಿಕೊಂಡು ಮನೆಗೆ ಬರುತ್ತಾನೆ. ಲೇತಿನವರು ಬೆನ್ನು ತಿರುಗಿಸಿ, ಒರೆಸಿದ್ದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದರು. ಗಿರಣಿಯಲ್ಲಿ ಆ ಇಂಜಿನ್ನಿಗೆ ಒರಗಿಸಿದಂತೆ ಹಾಕಿರುವ ಅವನ ಕುರ್ಚಿ ಅವಳ ಕಣ್ಣಿಗೆ ಕಟ್ಟಿತು.

“ಇಲ್ಲ ರೀ,” ಎಂದಳು, ಅವನಿಗೆ ಕಾಣುವಂತೆ ತುಟಿ ಬಿಡಿಸಿ. “ದನಿ ಇಲ್ಲ ಅದಕ್ಕೆ.”

ಅವನು ಸುತ್ತಿಗೆಯನ್ನು ಕೈಯಲ್ಲೇ ಹೊರಳಿಸಿದ. ಆಮೇಲೆ ಮೆತ್ತಗೆ ಕೇಳಿದ: “ಇನ್ನೊಂದ್ಸಲ ಹೊಡೀತೀನಿ. ಹತ್ರ ಬಂದು ಕೇಳ್ತೀಯಾ?”

ಬಂದಳು. ಮತ್ತೆ ಅದೇ ಸದ್ದು. ಮತ್ತೆ ಇಲ್ಲವೆಂದಳು.

“ನಿಂಗೆ ಯಾವಾಗ ಗೊತ್ತಾಯ್ತು?”

ಅವನು ಕೇಳುತ್ತಿರುವುದು ಕ್ರ್ಯಾಂಕಿನ ಬಗ್ಗೆಯಲ್ಲ ಎಂದು ಅವಳಿಗೆ ತಿಳಿಯಿತು. “ನಿಮಗಿಂತ ಮುಂಚೆ.”

“ಹೇಳಬಾರದಾಗಿತ್ತಾ?”

“ಹೇಳಿದ್ರೆ ಕೇಳಿಸ್ಬೇಕಲ್ಲ!”

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು, ಲೇತಿನವರ ಭುಜ ತಟ್ಟಿದ. “ಇದು ಬೇಡ ಅಣ್ಣ. ಬೇರೆ ಕ್ರ್ಯಾಂಕ್ ಇದ್ರೆ ತೂಗುಹಾಕಿ. ಹೊಡೆಯೋದೂ ಇವಳೇ, ಕೇಳೋದೂ ಇವಳೇ.”

ಲೇತಿನವರು ಮೂಲೆಯಿಂದ ಗ್ರೀಸು ಮೆತ್ತಿದ ಇನ್ನೊಂದನ್ನು ಎಳೆದು ತಂದು, ಒರೆಸಿ, ಸರಪಣಿಗೇರಿಸಿದರು. ಅವಳು ಸೆರಗು ಸಿಕ್ಕಿಸಿಕೊಂಡು ಸುತ್ತಿಗೆ ಬೀಸಿದಳು. ಶೆಡ್ಡಿನ ತಗಡಿನವರೆಗೂ ಏರಿದ ನಾದ ಬಹಳ ಹೊತ್ತು ಉಳಿಯಿತು. ಅವಳು ಹೇಳುವ ಮೊದಲೇ ಗಿರಣಿಯವನು ಕಣ್ಣು ಮುಚ್ಚಿ, ಎರಡು ಬೆರಳ ತುದಿಯನ್ನು ಉಕ್ಕಿಗೆ ತಾಗಿಯೂ ತಾಗದಂತೆ ಇಟ್ಟಿದ್ದ. ಆ ನಡುಕ ಪೂರ್ತಿ ನಿಲ್ಲುವವರೆಗೆ ಅವಳು ಮಾತಾಡಲಿಲ್ಲ.