ತಗ್ಗಿನಲ್ಲಿ ನಿಲ್ಲುವ ಗಾಳಿ

ಅವಳ ತಮ್ಮ ಕೈಗವಸು ಹಾಕಿಕೊಂಡು ಕೊನೆಯ ಮಂಜುಗಡ್ಡೆಯನ್ನು ಭಾವನ ಹೆಣದ ಪಕ್ಕಕ್ಕೆ ತಳ್ಳಿದ. “ಆ ಕಿಟಕಿನೂ ಮುಚ್ಚಿಬಿಡಕ್ಕ. ತಂಪು ನಿಲ್ಲಲಿ.”

“ನೆಲ ಒದ್ದೆಯಾಗಲ್ವೇನೋ?”

“ಒಣ ಮಂಜು ಇದು, ನೀರಾಗಲ್ಲ. ಐಸ್‌ಕ್ರೀಂ ಗೋದಾಮಿಂದ ತಂದೆ. ಸಂಜೆ ನಿನ್ನ ಮಗಳು ಬರೋವರೆಗೂ ಭಾವ ಹಾಗೇ ಇರ್ತಾರೆ.”

ಬಿಳಿ ಹೊಗೆ ಉಕ್ಕಿದ ಹಾಲಿನಂತೆ ನೆಲದ ಮೇಲೆ ಹರಡಿತು. ಅವಳು ಗಂಡನ ಅಂಗಿಯ ಜೇಬು ನೇವರಿಸಿದಳು. ಬೆಂಕಿಪೊಟ್ಟಣದಷ್ಟು ಯಂತ್ರ ಅಲ್ಲಿತ್ತು. ಅದಿಲ್ಲದೆ ಒಂದು ದಿನವೂ ಅವರು ಹೊಸ್ತಿಲು ದಾಟಿದವರಲ್ಲ. ಇವತ್ತೂ ಅವಳೇ ಸಿಕ್ಕಿಸಿದ್ದಳು.

ಸೊಸೆ ಹಾಸಿಗೆ ಎಳೆದು ಕೂಸನ್ನು ಅಲ್ಲೇ ಮಲಗಿಸಿದಳು. “ತಾತನ ಪಕ್ಕ ಆದ್ರೆ ತಣ್ಣಗೆ ಮಲಗ್ತಾನೆ ಅತ್ತೆ,” ಎಂದು ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

*

ಕಚ್ಚಾ ಎಣ್ಣೆ ಕುಡಿಸಿದ ಕಲ್ಲಿನ ತುಂಡನ್ನು ಉಕ್ಕಿನ ಕೊಳವೆಯಲ್ಲಿಟ್ಟು, ಭಾರಿ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ನುಗ್ಗಿಸಿ, ಎಷ್ಟು ಎಣ್ಣೆ ಹೊರಬಿತ್ತೆಂದು ಅಳೆಯುವುದು ಲ್ಯಾಬಿನಲ್ಲಿ ಅವಳ ಗಂಡನ ಕೆಲಸ. “ಕಲ್ಲು ಹಿಂಡೋರು,” ಎಂದು ಅವಳು ಛೇಡಿಸುತ್ತಿದ್ದಳು.

ಒಮ್ಮೆ ಕೊಳವೆಯ ಬಿರಡೆ ಸೋರಿತು. ಬಿದ್ದ ಸ್ಪ್ಯಾನರ್ ಎತ್ತಲು ಬಗ್ಗಿದ ಗೆಳೆಯ ಮತ್ತೆ ಏಳಲಿಲ್ಲ. ಅಂದಿನಿಂದ ಅವರ ಮನೆಯಲ್ಲಿ ಯಾರೂ ನೆಲದ ಮೇಲೆ ಮಲಗುವಂತಿರಲಿಲ್ಲ.

“ಆ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಗಿಂತ ಭಾರ. ತಗ್ಗು ನೋಡಿ ಕೂತಿರತ್ತೆ.”

“ವಿಳಾಸ ಕೇಳ್ಕೊಂಡು ನಮ್ಮನೆಗೂ ಬರತ್ತೇನು?”

ಅವರು ಜೇಬಿನ ಯಂತ್ರ ತಟ್ಟಿದರು. “ಇದು ಕೂಗಿದ್ರೆ ಮೊದಲು ಮಗುನ ಎತ್ತು. ಯಾಕೆ ಅಂತ ಆಮೇಲೆ ಕೇಳು.”

*

ಹೆಣದ ಎದೆ ಕೂಗಿತು. ಕೀಂ, ಕೀಂ, ಕೀಂ.

“ಯಾರದ್ದೇ ಅಕ್ಕ, ಫೋನು?” ತಮ್ಮ ಜೇಬಿಗೆ ಕೈಹಾಕಲು ಮಂಡಿಯೂರಿದವನು ಗೋಡೆ ಹಿಡಿದುಕೊಂಡ. “ಅಕ್ಕಾ... ತಲೆ...”

ಅವಳು ಯಾಕೆ ಅಂತ ಕೇಳಲಿಲ್ಲ. ಉಸಿರು ಬಿಗಿಹಿಡಿದು ಕೂಸನ್ನು ಬಾಚಿಕೊಂಡಳು. ಅದರ ಕತ್ತು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಕಾಲಿನಲ್ಲೇ ಬಾಗಿಲು ಒದ್ದು ಅಂಗಳಕ್ಕೆ ಬಿದ್ದಳು.

ಹೂವು ಹಿಡಿದು ಗೇಟು ದಾಟುತ್ತಿದ್ದ ಲ್ಯಾಬಿನ ಸಹೋದ್ಯೋಗಿ ಒಳಗಿನ ಹೊಗೆ ಕಂಡು ಬಿಳಿಚಿಕೊಂಡ. “ಒಣ ಮಂಜಾ? ಅತ್ತಿಗೆ, ಅದೇ ನಮ್ಮ ಗ್ಯಾಸು! ಗಟ್ಟಿಯಾಗಿದೆ ಅಷ್ಟೇ!” ಹೂವು ಎಸೆದು, ಉಸಿರು ಕಟ್ಟಿ, ಓಡಿಹೋಗಿ ಅವಳ ತಮ್ಮನನ್ನು ರಟ್ಟೆ ಹಿಡಿದು ಎಳೆದು ತಂದ. ಅಂಗಳದಲ್ಲಿದ್ದ ನೆಂಟರು ಕಿಟಕಿಯ ಗಾಜು ಒಡೆದರು.

ಅವಳು ಕೂಸಿನ ಅಂಗಾಲು ಬಡಿಯುತ್ತಿದ್ದಳು. “ಅಳೋ ಕಂದ. ನಿನ್ನ ದಮ್ಮಯ್ಯ, ಅಳೋ.”

ಕೊನೆಗೆ ಬೆಕ್ಕಿನ ಮರಿಯಂಥ ಒಂದು ದನಿ. ಆಮೇಲೆ ಅಂಗಳ ತುಂಬ ಅಳು.

ಹಿತ್ತಲಿನಿಂದ ಓಡಿಬಂದ ಸೊಸೆ ಕೈ ಚಾಚಿದಳು. “ಕೊಡಿ ಅತ್ತೆ... ಕೊಡಿ.”

ಅವಳಿಗೆ ಕೇಳಿಸಲಿಲ್ಲ. ತೆರೆದ ಬಾಗಿಲಿನಿಂದ ಬಿಳಿ ಹೊಗೆ ಒಂದೊಂದೇ ಮೆಟ್ಟಿಲು ಇಳಿದು ಅವಳ ಪಾದದತ್ತ ಬರುತ್ತಿತ್ತು. ಒಳಗೆ ಗಂಡನ ಎದೆ ಇನ್ನೂ ಕೂಗುತ್ತಿತ್ತು. ಅವಳು ಕಲ್ಲುಬೆಂಚು ಹತ್ತಿ, ಎರಡೂ ಕೈಗಳಿಂದ ಕೂಸನ್ನು ತಲೆಗಿಂತ ಮೇಲೆತ್ತಿ ಹಿಡಿದು ನಿಂತಳು.