ಕಿಟಕಿಯೆದುರಿನ ಮಿತ್ಸುಮಾತ

ಕಡಿಯಲೇ, ಬಿಡಲೇ? ಮೂರು ವರ್ಷ ತುಂಬಿದೆ, ಕಡಿಯಲೇಬೇಕು. ಆದರೆ ಇದನ್ನೂ ಕಡಿದರೆ ಆ ಕಿಟಕಿಯಿಂದ ನೋಡಲು ಏನು ಉಳಿಯುತ್ತದೆ?

ತೊಕುಜಿ ನನ್ನ ಬುಡಕ್ಕೆ ಕುಡುಗೋಲು ಆನಿಸಿ ಹೀಗೆ ಯೋಚಿಸುತ್ತ ಕುಳಿತಿದ್ದ. ಒಮ್ಮೆ ನನ್ನನ್ನು, ಒಮ್ಮೆ ತನ್ನ ಮನೆಯ ಕಿಟಕಿಯನ್ನು ನೋಡುತ್ತಿದ್ದ.

ನಾನು ಜಪಾನಿನ ಬೆಟ್ಟದೂರೊಂದರ ಮಿತ್ಸುಮಾತ ಗಿಡ. ನನ್ನ ಪ್ರತಿ ಕೊಂಬೆಯೂ ಮೂರಾಗಿ ಕವಲೊಡೆಯುತ್ತದೆ. ನನ್ನ ತೊಗಟೆಯ ನಾರಿನಿಂದ ಕಾಗದ ಮಾಡುತ್ತಾರೆ. ಮೂರು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ, ಮೊಗ್ಗು ಬಿರಿಯುವ ಮೊದಲೇ ಬುಡದಿಂದ ಕಡಿಯುವುದು ಇಲ್ಲಿನ ಪದ್ಧತಿ. ಬುಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಹಾಗಾಗಿ ಕುಡುಗೋಲೆಂದರೆ ನಮಗೆ ಭಯವಿಲ್ಲ. ಮೊಗ್ಗಿನಲ್ಲೇ ಕಡಿಸಿಕೊಳ್ಳುವುದು ಮಾತ್ರ ಸ್ವಲ್ಪ ಬೇಸರ.

ತೊಕುಜಿಯ ಹೆಂಡತಿ ಕಿನು ಕಡಲತೀರದವಳು. ಮದುವೆಯಾಗಿ ಬಂದ ಮೊದಲ ಚಳಿಗಾಲವಿಡೀ ತಣ್ಣೀರಿನ ತೊಟ್ಟಿಯೆದುರು ನಿಂತು, ಅದರಲ್ಲಿ ಕದಡಿದ ನಾರನ್ನು ಜರಡಿಯಿಂದ ಹಾಳೆಹಾಳೆಯಾಗಿ ಎತ್ತಿ ಕಾಗದ ಮಾಡಿದಳು. ಬೆರಳು ಕೆಂಪಾದವು, ಮಾತು ಕಡಿಮೆಯಾಯಿತು. ಚಳಿ ಮುಗಿಯುವಾಗ ನಾನು ಎಲೆಯೊಂದೂ ಇಲ್ಲದ ಮೈತುಂಬ ಹಳದಿ ಹೂ ಬಿಟ್ಟೆ. ಆಗ ನನಗೆ ಎರಡು ವರ್ಷ. ಅವಳು ಕಿಟಕಿ ತೆರೆದು, ಪರಿಮಳ ಎಳೆದುಕೊಂಡು, ತವರಿನ ಹಾಡೊಂದನ್ನು ಗುನುಗಿದಳು. ಹೊರಗೆ ಸೌದೆ ಒಡೆಯುತ್ತಿದ್ದ ತೊಕುಜಿಯ ಕೊಡಲಿ ಅರ್ಧಕ್ಕೇ ನಿಂತಿತು.

ಮರುವರ್ಷವೇ ನನ್ನ ಸರದಿ. ಕುಡುಗೋಲು ಆನಿಸಿ ಕುಳಿತಿದ್ದ ತೊಕುಜಿ ಕೊನೆಗೂ ಕಡಿಯಲಿಲ್ಲ.

“ಏನಪ್ಪಾ ತೊಕುಜಿ, ಇದೊಂದು ನಿನ್ನ ಮಾವನ ಮನೆಯಿಂದ ಬಂದ ಗಿಡವಾ?” ಎಂದು ಪಕ್ಕದ ಹೊಲದ ಕಿಹೆಯಿ ನಕ್ಕ.

“ಬರೀ ಗಂಟು ಕಣಯ್ಯ. ಸುಲಿದರೆ ತುಂಡುತುಂಡಾಗೋ ಇದರ ಸಿಪ್ಪೆ ಯಾರಿಗೆ ಬೇಕು?” ಎಂದ ತೊಕುಜಿ.

ನನಗೆ ಮೈಯೆಲ್ಲ ಉರಿಯಿತು. ನನ್ನಲ್ಲಿ ಒಂದು ಗಂಟೂ ಇರಲಿಲ್ಲ. ಆದರೂ ಆ ಸುಳ್ಳಿನ ದಯೆಯಿಂದ ಇನ್ನೆರಡು ಸಲ ಹೂ ಬಿಟ್ಟೆ.

ಆಮೇಲಿನ ಮಳೆಗಾಲದಲ್ಲಿ ಗುಡ್ಡ ಕುಸಿದು ಹೊಲದ ಬಹುಪಾಲು ಕೊಚ್ಚಿಹೋಯಿತು. ಅದೇ ಚಳಿಗಾಲ ಊರ ಶಾಲೆ ಮುಚ್ಚುವುದಿತ್ತು. ಕೊನೆಯ ಒಂಬತ್ತು ಮಕ್ಕಳ ಪ್ರಮಾಣಪತ್ರಕ್ಕೆ ಊರಿನದೇ ಕಾಗದ ಬೇಕೆಂದರು ಮೇಷ್ಟರು. ಉಳಿದ ಗಿಡಗಳ ನಾರು ಏಳು ಹಾಳೆಗೆ ಮಾತ್ರ ಸಾಲುತ್ತಿತ್ತು.

“ರೀ, ಆ ಗಂಟಿನ ಗಿಡಾನೂ ಕಡೀರಿ,” ಎಂದಳು ಕಿನು.

“ಬೇಡ, ಅದು ಕಾಗದಕ್ಕೆ ಬರಲ್ಲ.”

“ಎರಡು ಮಕ್ಕಳು ಬರಿಗೈಲಿ ಹೋಗ್ಬೇಕಾ? ಕೊಡಿ ಇಲ್ಲಿ.”

ಕುಡುಗೋಲು ಕಿತ್ತುಕೊಂಡು ಅವಳೇ ನನ್ನನ್ನು ಕಡಿದಳು. ಹಬೆಯಲ್ಲಿ ಬೇಯಿಸಿ ಸುಲಿದಾಗ ಸಿಪ್ಪೆ ಬುಡದಿಂದ ತುದಿಯವರೆಗೆ ಎಲ್ಲೂ ತಡೆಯದೆ ಸರ್ರನೆ ಬಂತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಆಮೇಲೆ ಕಿಟಕಿಯಾಚೆಗೆ, ನನ್ನ ಮೋಟು ಬುಡವನ್ನು.

“ಗಂಟೆಲ್ಲಿ ರೀ?”

“ಹಬೆಗೆ ಕರಗಿರಬೇಕು,” ಎಂದ ಅವನು, ಒಲೆಗೆ ಸೌದೆ ತುರುಕುತ್ತ.

ಒಂಬತ್ತು ಮಕ್ಕಳಿಗೂ ಹಾಳೆ ಸಿಕ್ಕಿತು. ನಾನು ಮತ್ತೆ ಚಿಗುರಿದೆ. ಮೂರನೆಯ ಚಳಿಗಾಲ ಅವನು ಕುಡುಗೋಲು ಹಿಡಿದು ಬಂದಾಗ ಕಿನು ಕಿಟಕಿಯಿಂದಲೇ ಕೂಗಿದಳು: “ಅದನ್ನ ಬಿಟ್ಬಿಡ್ರೀ, ಗಂಟು ಬಿದ್ದಿದೆ!”

ಅವನು ತಲೆ ತಗ್ಗಿಸಿ ನಕ್ಕು ಮುಂದಿನ ಗಿಡಕ್ಕೆ ಹೋದ.

ಈಗ ನಾನು ಮುದಿ ಪೊದೆ. ತೊಗಟೆ ಒರಟಾಗಿ, ನಿಜಕ್ಕೂ ಕಾಗದಕ್ಕೆ ಬಾರದವನಾಗಿದ್ದೇನೆ. ಅವರಿಬ್ಬರ ತಲೆಯೂ ಬೆಳ್ಳಗಾಗಿದೆ. ಚಳಿ ಮುಗಿಯುವಾಗ ನಾನು ಹೂ ಬಿಡುತ್ತೇನೆ, ಅವಳು ಕಿಟಕಿ ತೆರೆಯುತ್ತಾಳೆ, ಅವನ ಕೊಡಲಿ ನಿಲ್ಲುತ್ತದೆ. ಹೇಳಬೇಕೆಂದಿದ್ದರೆ ಅವನಿಗೆ ಎಷ್ಟೋ ವರ್ಷಗಳಿದ್ದವು. ‘ನಿನಗೋಸ್ಕರ ಇದನ್ನು ಕಡಿಯದೆ ಬಿಟ್ಟೆ’ ಎಂದು ತೊಕುಜಿ ಅವಳಿಗೆ ಒಮ್ಮೆಯೂ ಹೇಳಲಿಲ್ಲ.