ಹತ್ತಿಕಟ್ಟಿಗೆಯ ಇದ್ದಿಲು

ದೊಡ್ಡ ಯುದ್ಧ ನಡೆದಿದ್ದ ಕಾಲ. ಪೆಟ್ರೋಲ್ ಸಿಗದೆ ಸಾರವಾಡದ ಬಸ್ಸು ನಿಂತುಹೋಗಿತ್ತು. ಗಂಡ ಖಂಡಪ್ಪ ತೀರಿಕೊಂಡ ಮೇಲೆ ಹೊಳೆವ್ವನಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ತಿಕೋಟಾದ ತಂಗಿ ರಾಚವ್ವ ಒಬ್ಬಳೇ. ಈಗ ಆ ದಾರಿಯೂ ಮುಚ್ಚಿತ್ತು. ಎಷ್ಟೋ ದಿನ ಹೊಳೆವ್ವನ ದನಿ ಕೇಳಿದ್ದು ಅವಳ ಕುರಿಗಳಿಗೆ ಮಾತ್ರ.

ಒಂದು ಮುಂಜಾನೆ ಪಕ್ಕದ ಮನೆಯ ಮದೀನಾಬಿ ಬಂದಳು. ಆಕೆಯ ಅಣ್ಣ ಫಕ್ರುದ್ದೀನ ಅದೇ ಬಸ್ಸಿನ ಚಾಲಕ.

"ಬಸ್ಸಿಗೆ ಇದ್ದಲಿ ಒಲಿ ಕೂಡಿಸ್ಯಾರ. ಅದರ ಗ್ಯಾಸಿನ ಮ್ಯಾಲೆ ಓಡತೈತಿ. ಊರ ಮಂದಿ ಗಿಡ ಕಡದು ಸುಡಾಕ ಹತ್ಯಾರ, ಆದ್ರೂ ಇದ್ದಲಿ ಸಾಲವಲ್ದು."

"ನನ್ನ ಹೊಲದಾಗಿನ ಬೇವಿನ ಗಿಡ ಕಡಸ್ತೇನಿ," ಎಂದಳು ಹೊಳೆವ್ವ.

ಮದೀನಾಬಿ ಒಪ್ಪಲಿಲ್ಲ. "ಗಿಡ ಇರ್ಲಿ ಬಿಡವಾ. ಅದರ ಬುಡಕ್ಕ ಖಂಡಪ್ಪಣ್ಣ ಮಲಗ್ಯಾನ. ಹತ್ತಿಕಟಗಿ ಕಿತ್ತು ಸುಮ್ನ ಸುಡತೀವಲ್ಲ, ಅದರಾಗ ಇದ್ದಲಿ ಮಾಡೂಣು."

"ಬೆರಳಿನಷ್ಟು ದಪ್ಪಿಲ್ಲ ಅದು. ಸುಟ್ರ ಬೂದಿ ಆಗತೈತಿ."

"ಗಾಳಿ ಸಿಕ್ರ ಬೂದಿ. ಗಾಳಿ ಕಟ್ಟಿದ್ರ ಇದ್ದಲಿ. ಅಣ್ಣ ಮಾಡಿ ನೋಡ್ಯಾನ."

ಹೊಳೆವ್ವ ನಂಬಲಿಲ್ಲ. ಆದರೂ ಇಬ್ಬರೂ ಗುಂಡಿ ತೋಡಿದರು. ಕಟ್ಟಿಗೆಗೆ ಉರಿ ಹತ್ತಿದ ಮೇಲೆ ಹಸಿ ಎಲೆ-ತಪ್ಪಲು ಹಾಸಿ ಮಣ್ಣು ಮುಚ್ಚಿದರು. ಮರುದಿನ ಹೊಳೆವ್ವನಿಗೆ ತಡೆಯಲಾಗಲಿಲ್ಲ. ಒಬ್ಬಳೇ ಹೋಗಿ ಮಣ್ಣು ಸರಿಸಿದಳು. ಒಳಗಿನ ಕೆಂಡ ಭಗ್ಗೆಂದು ಹತ್ತಿ, ನೋಡನೋಡುತ್ತ ಎಲ್ಲ ಬೂದಿಯಾಯಿತು.

"ನನ್ನ ಕೈಯಾಗ ಏನೂ ಉಳಿಯೂದಿಲ್ಲ," ಎಂದು ಗುಂಡಿಯ ದಂಡೆಗೆ ಕುಳಿತಳು.

ಮದೀನಾಬಿ ಬಂದು ಪಕ್ಕದಲ್ಲಿ ಕುಳಿತಳು. "ಮತ್ತ ಹಾಕೂಣು. ತಣ್ಣಗಾಗೂತನಕ ಮುಟ್ಟಬ್ಯಾಡ."

ಈ ಸಲ ಹೊಗೆ ಹೊರಟ ಬಿರುಕನ್ನೆಲ್ಲ ಹೊಳೆವ್ವ ಹಸಿಮಣ್ಣಿನಿಂದ ಮೆತ್ತಿದಳು. ಮಣ್ಣು ಪೂರ್ತಿ ತಣ್ಣಗಾಗುವವರೆಗೆ ಕಾದಳು. ತೆಗೆದಾಗ ಕಟ್ಟಿಗೆ ಇದ್ದ ಆಕಾರದಲ್ಲೇ ಕಪ್ಪಗಾಗಿತ್ತು, ಮುರಿದರೆ ಟಕ್ಕೆಂದಿತು. ಅದನ್ನು ಕಂಡು ಊರವರೂ ಕೊಡಲಿ ಕೆಳಗಿಟ್ಟು ಹತ್ತಿಕಟ್ಟಿಗೆ ಹೊತ್ತು ತಂದರು.

ಬಸ್ಸು ಮತ್ತೆ ಬಂತು. ಹೊಳೆವ್ವ ಅದನ್ನೇರಿ ತಂಗಿಯ ಊರಿಗೆ ಹೊರಟಳು. ತಿಕೋಟಾದಲ್ಲಿ ಬಾಗಿಲಿಗೆ ಬಂದ ಅಕ್ಕನನ್ನು ಕಂಡು ರಾಚವ್ವ ಗಾಬರಿಯಾದಳು.

"ಯಕ್ಕಾ, ಯಾರು ತೀರಿ ಹ್ವಾದ್ರು?"

"ಯಾರೂ ಇಲ್ಲ. ನಿನ್ನ ಕೂಡ ಮಾತಾಡಾಕ ಬಂದೇನಿ."

ರಾಚವ್ವ ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂಡಿಸಿಕೊಂಡಳು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆಯನ್ನು ಬಯಲಲ್ಲಿ ಸುಡಬೇಡಿರಿ. ಗಾಳಿಯಾಡದಂತೆ ಮುಚ್ಚಿ ಇದ್ದಿಲು ಮಾಡಿರಿ, ತಣ್ಣಗಾದ ಮೇಲೆಯೇ ತೆಗೆಯಿರಿ. ಉರಿಯುವ ಇದ್ದಿಲಿನ ವಿಷಗಾಳಿ ಜೀವ ತೆಗೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉರಿಸಲೇಬೇಡಿರಿ. ಗಿಡಗಳನ್ನು ಉಳಿಸಿರಿ. ನಿಮ್ಮ ದಾರಿ ನೋಡುವವರು ಯಾವುದೋ ಊರಿನಲ್ಲಿ ಇದ್ದೇ ಇರುತ್ತಾರೆ. ಬಸ್ಸು ಅಲ್ಲಿಯವರೆಗೂ ಓಡಲಿ.